ಕಾರಿನ ಹಿಂದೆ ಒಂದು ಕೋಣೆ

ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥ ಒಂದು ಕೋಣೆ ಕಟ್ಟಬೇಕೆಂಬ ಯೋಚನೆ ಮೊದಲು ಯಾರಿಗೆ ಬಂತು ಎಂಬುದರಲ್ಲಿ ನನಗೂ ನನ್ನ ಗಂಡನಿಗೂ ಇಂದಿಗೂ ಒಮ್ಮತವಿಲ್ಲ. ಮೊಬೈಲಿನಲ್ಲಿ ಹೊರದೇಶದವರ ವಿಡಿಯೋ ನೋಡುತ್ತ ಕೂತಿದ್ದವರು ಇವರೇ ಎಂದು ನನ್ನ ನೆನಪು. ‘ಹೀಂಗೊಂದು ಮಾಡೋಣೇನು’ ಎಂದವಳು ನಾನೇ ಎಂದು ಇವರು ಹೇಳುತ್ತಾರೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನಗೆ, ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿದಾಗ ಏನು ಮಾಡಬೇಕೆಂದು ಗೊತ್ತು. ಅವರಲ್ಲೊಬ್ಬಳು ನಾನೇ ಆದಾಗ ಗೊತ್ತಿಲ್ಲ.

ಕಾರಣದ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಕರುಳಿನ ಆಪರೇಷನ್ ಆದ ಮೇಲೆ ಇವರ ಹೊಟ್ಟೆಯ ಎಡಗಡೆ ಒಂದು ಚೀಲವಿದೆ. ಮಲ ಅದರಲ್ಲಿ ಸೇರುತ್ತದೆ. ಆಗಾಗ ಖಾಲಿ ಮಾಡಿ ತೊಳೆಯಬೇಕು. ಸೇಡಂನ ನಮ್ಮ ಮನೆಯಲ್ಲಿ ಅದು ಹಲ್ಲುಜ್ಜುವಂಥ ಒಂದು ಕೆಲಸವಷ್ಟೇ. ಬೇರೆಯವರ ಮನೆಯಲ್ಲಿ ಹಾಗಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದೆಂದು ಡಾಕ್ಟರು ಹೇಳಿದ್ದರೂ ಇವರು ಒಂದು ರಾತ್ರಿಯೂ ಹೊರಗೆ ಉಳಿಯಲಿಲ್ಲ. ಲಗ್ನಗಳಿಗೆ ಅಕ್ಷತೆಯ ಹೊತ್ತಿಗೆ ಹೋಗಿ ಊಟ ಮಾಡದೆ ಬರುತ್ತಿದ್ದರು. ಇವರ ಅಕ್ಕನನ್ನು ಕೊಟ್ಟದ್ದು ಚಿಮ್ಮನಚೋಡಕ್ಕೆ. ಎಳ್ಳಮಾವಾಸ್ಯೆಯ ಹಿಂದಿನ ದಿನವೇ ಅಲ್ಲಿಗೆ ಹೋಗಿ ಉಳಿದು, ಮರುದಿನ ಅವರ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಕಾಳು-ಸೊಪ್ಪಿನ ಬಜ್ಜಿ, ರೊಟ್ಟಿ ಉಂಡು ಬರುವುದು ಅಕ್ಕನ ಮದುವೆಯಾದಾಗಿನಿಂದ ತಪ್ಪದ ರೂಢಿ. ಅದೂ ನಿಂತುಹೋಗಿತ್ತು. ಆಪರೇಷನ್ ಆದದ್ದು ಅಕ್ಕನಿಗೆ ಗೊತ್ತಿತ್ತು. ಚೀಲದ ಮಾತು ಮಾತ್ರ ಎತ್ತಬಾರದೆಂದು ಇವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು.

ಆದ್ದರಿಂದ ಬಚ್ಚಲನ್ನೇ ಜೊತೆಗೆ ಒಯ್ಯುವುದೆಂದಾಯಿತು. ಕೇಳಿದವರಿಗೆ ಕ್ಯಾಂಪಿಂಗ್ ಎಂದೆವು, ಚಿಂಚೋಳಿಯ ಕಾಡಿನ ಕಡೆ ಹೋಗಿ ಇರುತ್ತೇವೆ ಎಂದೆವು. ಹೇಳುತ್ತ ಹೇಳುತ್ತ ಅದು ಅರ್ಧ ನಿಜವೂ ಆಗಿತ್ತು.

ವಾಡಿಯಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಮಾಡುವ ಒಂದು ಶೆಡ್ಡಿದೆ. ಹಳೆಯ ಜೀಪಿನ ಅಚ್ಚು, ಎರಡು ಗಾಲಿ, ಮೇಲೆ ಕಬ್ಬಿಣದ ಚೌಕಟ್ಟು, ಒಳಗೆ ಪ್ಲೈವುಡ್, ಹೊರಗೆ ತಗಡು. ಕಬ್ಬಿಣದ ಕೆಲಸ ಅಲ್ಲಿನ ವೆಲ್ಡರನದು, ಮರದ ಕೆಲಸ ರಜೆಯ ದಿನಗಳಲ್ಲಿ ನಮ್ಮದು. ಬಾಗಿಲು ಕೂರಿಸುವ ದಿನ ವೆಲ್ಡರ್ ಕೇಳಿದ.

“ಬಾಗಲಾ ಯಾ ಕಡಿ ಇಡ್ಲಿರಿ?”

“ಪೂರ್ವಕ್ಕ ಬರಂಗ ಇಡ್ರಿ,” ಎಂದರು ಇವರು, ಅಭ್ಯಾಸಬಲದಿಂದ.

“ಬಂಡಿಗಿ ಪೂರ್ವ ಎಲ್ಲಿಂದ ತರ್ಲಿ ಸಾಹೇಬ್ರ? ನೀವು ತಿರುವಿದ ಕಡಿ ಅದರ ಮಾರಿ.”

ಇವರು ನಕ್ಕರು. ಆಪರೇಷನ್ ಆದ ಮೇಲೆ ನಕ್ಕದ್ದು ಅದೇ ಮೊದಲು ಎಂದು ಬರೆಯಬೇಕೆನಿಸುತ್ತದೆ. ಅದು ನಿಜವಿರಲಾರದು.

ಕೋಣೆಯ ಹಿಂಭಾಗವೆಲ್ಲ ಬಚ್ಚಲು. ಅದಕ್ಕೆ ಶಹಾಬಾದಿಗೆ ಹೋಗಿ, ನುಣ್ಣಗೆ ಪಾಲಿಶ್ ಮಾಡಿದ ಹಾಸುಗಲ್ಲಿನ ಪರ್ಸಿ ಆರಿಸಿ ತಂದು ನೆಲಕ್ಕೆ ಹಾಸಿದೆವು, ಗೋಡೆಗೂ ಮೊಣಕಾಲೆತ್ತರ ನಿಲ್ಲಿಸಿದೆವು. ಹಾಕಬೇಕೋ ಬೇಡವೋ ಎಂಬ ಚರ್ಚೆಯೇ ಆಗಲಿಲ್ಲ. ಕಾರಿಗೆ ಕಟ್ಟಿ ಚಿತ್ತಾಪುರದ ರಸ್ತೆಯಲ್ಲಿ ಹೊರಟಾಗ ಕೋಣೆ ಹಿಂದಕ್ಕೆ ಕುಸಿಯಿತು, ಕಾರಿನ ಹಿಂಬದಿ ಮೇಲೆದ್ದಿತು. ಸ್ವಲ್ಪ ವೇಗ ಹೆಚ್ಚಿಸಿದರೆ ಕೋಣೆ ಆಚೆಗೊಮ್ಮೆ ಈಚೆಗೊಮ್ಮೆ ಹೊಯ್ದಾಡತೊಡಗಿತು. ಎದುರಿಗೆ ಬಂದ ಲಾರಿಯವನು ಗಾಡಿಯನ್ನು ಮಣ್ಣಿಗಿಳಿಸಿ ನಮ್ಮನ್ನು ಬೈದ. ತಿರುಗಿ ಬಂದು, ಕಲ್ಲೆಲ್ಲ ಕಿತ್ತು, ರಬ್ಬರಿನ ಹಾಳೆ ಹಾಸಿ, ನೀರಿನ ಟ್ಯಾಂಕನ್ನು ಮುಂದಕ್ಕೆ ಸರಿಸಿದೆವು.

“ನನಗೂ ತಲಿಗಿ ಬರ್ಲಿಲ್ಲ ನೋಡ್ರಿ,” ಎಂದ ವೆಲ್ಡರ್. “ನೆಲಾ ಅಂದ್ರ ಪರ್ಸೀನೇ ಅಲಾ.”

ಈ ಸೀಮೆಯಲ್ಲಿ ಪರ್ಸಿಗೆ ತೂಕವಿದೆ ಎಂಬುದು ಹೊತ್ತವರಿಗಷ್ಟೇ ಗೊತ್ತು. ಉಳಿದವರು ಅದರ ಮೇಲೆ ಕೂತು ಉಂಡು ಮಲಗುತ್ತಾರೆ.

ಎಳ್ಳಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಚಿಮ್ಮನಚೋಡ ತಲುಪಿದೆವು. ಅಕ್ಕನ ಅಂಗಳದ ಬೇವಿನ ಕೆಳಗೆ ಕೋಣೆ ನಿಲ್ಲಿಸುವಷ್ಟರಲ್ಲಿ ಓಣಿಯ ಹೆಂಗಸರು ಸೇರಿದ್ದರು. ಅಕ್ಕ ಹೊರಗೆ ಬಂದಳು.

“ಏನೋ ತಮ್ಮಾ, ಐಸ್‌ಕ್ರೀಮ್ ಮಾರ್ಲಿಕ ಬಂದಿಯೇನು?”

ಎಲ್ಲರೂ ನಕ್ಕರು. ಇವರೂ ನಕ್ಕು, ನಾವು ಇದರಲ್ಲೇ ಮಲಗುತ್ತೇವೆ ಎಂದರು. ಅಕ್ಕನ ಮುಖ ಬದಲಾಯಿತು.

“ಯಾಕ? ನನ್ನ ಮನ್ಯಾಗ ಖೋಲಿ ಇಲ್ಲೇನು?”

“ಹಂಗಲ್ಲಕ್ಕಾ...”

“ಮತ್ತ ಹ್ಯಾಂಗ? ಒಡಹುಟ್ಟಿದ ತಮ್ಮ ಬಂದ್ರ ಅಂಗಳದಾಗ ಮಲಗಿಸ್ಯಾಳ ಅಂತ ಮಂದಿ ಅನ್ಲಿಕ? ಇಷ್ಟ್ ದಿನ ಬರ್ಲಿಲ್ಲ. ಬಂದ್ರ ಹೀಂಗ ಬಂದಿ.”

ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಅಚ್ಚು, ತೂಕ, ನೀರು ಎಲ್ಲವನ್ನೂ ಲೆಕ್ಕ ಹಾಕಿದ್ದೆವು. ಅಕ್ಕನ ಮನೆಯ ಮುಂದೆ ತಮ್ಮ ತನ್ನ ಮನೆ ತಂದು ನಿಲ್ಲಿಸಿದರೆ ಏನರ್ಥ ಎಂಬುದನ್ನು ಬಿಟ್ಟಿದ್ದೆವು. ಇವರು ಹೊಟ್ಟೆಯ ಎಡಗಡೆ ಕೈಯಿಟ್ಟುಕೊಂಡು ನಿಂತರು. ಅಷ್ಟು ಜನರೆದುರು ನಿಜ ಹೇಳುವಂತಿರಲಿಲ್ಲ.

“ಹಂಗಾರ ಸಂಜಿಗಿ ಹೊಳ್ಳಿ ಹೋಗ್ತೀವಿ ಬಿಡಕ್ಕಾ,” ಎಂದರು. ಒಮ್ಮೆ ಹಾಗೆ ಹೋದರೆ ಇವರು ಮತ್ತೆಲ್ಲಿಗೂ ಹೊರಡುವುದಿಲ್ಲ ಎಂದು ನನಗೆ ಅನಿಸಿತು.

ಅಕ್ಕ ಕೋಣೆಯ ಮೆಟ್ಟಿಲೇರಿ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಆಕೆ ಹಾಸಿಗೆ ಒತ್ತಿ ನೋಡಿದಳು, ಗ್ಯಾಸಿನ ಒಲೆ ನೋಡಿದಳು, ಬಚ್ಚಲಿನ ಪರದೆ ಸರಿಸಿದಳು. ಕೈಗೆಟಕುವ ನೀರಿನ ಪೈಪು, ಕೂರುವ ಕಮೋಡು, ಪಕ್ಕದ ಹಲಗೆಯ ಮೇಲೆ ಒಟ್ಟಿದ ಹೊಸ ಟವೆಲ್ಲುಗಳು. ಚೀಲದ ಪ್ಯಾಕೆಟ್ಟುಗಳೂ ಅಲ್ಲೇ ಇದ್ದವೇ, ಅಥವಾ ನಾನು ಅವನ್ನು ಮೊದಲೇ ಎತ್ತಿ ಮುಚ್ಚಿಟ್ಟಿದ್ದೆನೇ? ಇದನ್ನು ಎಷ್ಟೋ ಸಲ ನೆನೆಯಲು ಪ್ರಯತ್ನಿಸಿದ್ದೇನೆ. ಕೆಲವೊಮ್ಮೆ ಹಲಗೆಯ ಮೇಲೆ ಕಾಣುತ್ತವೆ, ಕೆಲವೊಮ್ಮೆ ಇಲ್ಲ.

“ಬಚ್ಚಲಾ ಭಾಳ ದೊಡ್ಡದು ಮಾಡ್ಸೀರಿ,” ಎಂದಳು ನನಗೆ.

“ಹೌದಕ್ಕಾ.”

ಅಕ್ಕ ಪರದೆಯನ್ನು ಮೊದಲಿದ್ದಂತೆ ಎಳೆದು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಅಂದಳು:

“ನನ್ನ ತವರಮನಿ ನನ್ನ ಬಾಗಲಿಗೇ ಬಂದದ. ಯಾರಿಗರೇ ಬಂದದೇನ್ರೆ ಹೀಂಗ? ಏ ತಮ್ಮಾ, ತವರಿಗಿ ಬಂದ ಹೆಣಮಗಳಿಗಿ ಚಾ ಇಲ್ಲ, ನೀರಿಲ್ಲ. ಬರೇ ಉಡಿಲೇ ಕಳಸ್ತಿಯೇನು?”

ನಾನು ಗ್ಯಾಸು ಹಚ್ಚಿ ಚಹಾ ಇಟ್ಟೆ. ಉಡಿ ತುಂಬಲು ಅಕ್ಕಿ ಇತ್ತು, ಬೆಲ್ಲವಿತ್ತು, ದಾರಿಗೆಂದು ತಂದ ಬಾಳೆಹಣ್ಣಿದ್ದವು. ಕಾಯಿ ಇರಲಿಲ್ಲ, ರವಿಕೆಯ ಖಣವಿರಲಿಲ್ಲ. ಎದುರು ಮನೆಯ ಹೆಂಗಸು ಕಾಯಿ ತರಲು ಹೊರಟಳು.

“ನಿನ್ನ ಮನೀದು ನನಗ್ಯಾಕ?” ಎಂದು ಅಕ್ಕ ಆಕೆಯನ್ನು ತಡೆದಳು. “ತವರಮನ್ಯಾಗ ಏನದ ಅದೇ ಸಾಕು. ಒಳಗ ಹೊಸಾ ಟವೆಲ್ ಅವ ಅಲಾ, ಅದ್ರಾಗಿಂದೇ ಒಂದು ಹಾಕು ತಂಗಿ.”

ಸೆರಗೊಡ್ಡಿ ಕೂತಳು. ಖಣದ ಬದಲು ಟವೆಲ್ಲಿಟ್ಟು, ಅಕ್ಕಿ, ಬೆಲ್ಲ, ಹಣ್ಣು ಹಾಕಿ ಉಡಿ ತುಂಬಿದೆ. ಕುಂಕುಮ ಮಾತ್ರ ಆಕೆಯ ಮನೆಯದು. ಇವರು ಬಗ್ಗಿ ಅಕ್ಕನ ಕಾಲು ಮುಟ್ಟಿದರು. ಬಗ್ಗುವಾಗ ತುಸು ಅಳುಕಿದ್ದನ್ನು ನಾನು ನೋಡಿದೆ. ಅಕ್ಕ ಬೇರೆಲ್ಲೋ ನೋಡುತ್ತಿದ್ದಳು.

ಅಕ್ಕನಿಗೆ ಏನೂ ತಿಳಿದಿಲ್ಲವೆಂದೇ ಇವರ ನಂಬಿಕೆ. ಬಚ್ಚಲಿನ ಸೊಗಸಿಗೆ ಮೆಚ್ಚಿದಳು ಎನ್ನುತ್ತಾರೆ. ನಾನು ವಾದಿಸುವುದಿಲ್ಲ. ನನ್ನ ಬಳಿ ಇರುವುದು ಪರದೆಯ ಮುಂದೆ ನಿಂತ ಬೆನ್ನಿನ ನೆನಪಷ್ಟೇ. ಬೆನ್ನಿನಿಂದ ಏನನ್ನೂ ಸಾಬೀತು ಮಾಡಲಾಗದು.

ಅಂದು ಕೋಣೆಯಲ್ಲೇ ಮಲಗಿದೆವು. ಮರುದಿನ ಹೊಲದಲ್ಲಿ ಇವರು ಚರಗ ಚೆಲ್ಲಿದರು, ಬಜ್ಜಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಎಲ್ಲರೂ ಊರಿಗೆ ಮರಳಿ ಅಕ್ಕನ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಾಗ, ಇವರು ಮಾತಿನ ನಡುವೆ ಎದ್ದು “ಮನಿಗಿ ಹೋಗಿ ಬರ್ತೀನಿ” ಎಂದು ಅಂಗಳಕ್ಕಿಳಿದರು. ಯಾರೂ ಯಾಕೆಂದು ಕೇಳಲಿಲ್ಲ. ಅಕ್ಕ ಅಡಿಕೆ ಕತ್ತರಿಸುತ್ತ, ಅರ್ಧಕ್ಕೆ ನಿಂತ ಮಾತನ್ನು ಮುಂದುವರಿಸಿದಳು.