ಎರಡನೇ ಹಾಳೆ ಫಲಕಕ್ಕೆ ಹೋಗಲಿಲ್ಲ

೧೯೯೨ರಲ್ಲಿ ನಾನು ಕಾಗವಾಡದ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಗುಮಾಸ್ತನಾಗಿದ್ದೆ. ಕಚೇರಿಗೆ ಇದ್ದವನು ನಾನೊಬ್ಬನೇ. ಟಪಾಲು, ಟೈಪಿಂಗ್, ಪ್ರವೇಶ, ಪರೀಕ್ಷಾ ಅರ್ಜಿ ಎಲ್ಲವೂ ಒಂದೇ ಟೇಬಲ್ಲಿನ ಮೇಲೆ ನಡೆಯುತ್ತಿತ್ತು. ಊರು ಹೊಸದು, ಬಾಡಿಗೆ ಖೋಲಿ, ಇನ್ನೂ ಮದುವೆಯಾಗಿರಲಿಲ್ಲ. ಸಂಜೆ ಐದೂವರೆಗೆ ಕಾಲೇಜಿಗೆ ಬೀಗ ಹಾಕಿದರೆ ಮರುದಿನ ಹತ್ತರವರೆಗೆ ನನ್ನ ಹೆಸರು ಹಿಡಿದು ಕರೆಯುವವರಿರಲಿಲ್ಲ. ಆ ದಿನಗಳಲ್ಲಿ ನನಗಿದ್ದ ಗೆಳೆತನವೆಂದರೆ ಒಂದು ವಹಿ, ಅಂದರೆ ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್.

ಆ ವಹಿಯನ್ನು ಶುರು ಮಾಡಿದವರು ರಾಯಬಾಗದ ಕಾಲೇಜೊಂದರ ಪರೀಕ್ಷಾ ವಿಭಾಗದ ಗುಮಾಸ್ತ ಅಣ್ಣಾಸಾಬರು. ಅವರು ಕಳೆದ ತಿಂಗಳು ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಐದನೇ ದಿನ. ದಿಗ್ಗೇವಾಡಿಯ ಅವರ ಮನೆಗೆ ಹೋಗಿ ಪಡಸಾಲೆಯಲ್ಲಿ ಕುಳಿತೆ. ಅವರ ಹೆಂಡತಿ ಚಹಾ ಕೊಟ್ಟು ಕೇಳಿದರು: “ನೀವು ಯಾವ ಊರಿನವರ್ರಿ? ಇವರಿಗೆ ಹೆಂಗ ಗುರ್ತು?”

“ಒಂದ ಕಡೆ ಕೆಲಸ ಮಾಡ್ತಿದ್ವಿರಿ ವೈನಿ” ಅಂದೆ. ಅದು ನಿಜವಲ್ಲ. ನಾವಿಬ್ಬರೂ ಎಂದೂ ಒಂದೇ ಕಚೇರಿಯಲ್ಲಿ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಎದುರುಬದುರು ಕಂಡದ್ದೇ ನಾಲ್ಕು ಸಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾಲೇಜುಗಳು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದವೋ ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಕುಲಪತಿಯ ಹುದ್ದೆ ಖಾಲಿ ಇತ್ತು. ಕುಲಸಚಿವರು ಪ್ರಭಾರಿ, ಅಂದರೆ ಬೇರೊಬ್ಬರ ಕೆಲಸವನ್ನು ತಾತ್ಕಾಲಿಕವಾಗಿ ನೋಡುವವರು. ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆ ಕರೆದಂತೆಲ್ಲ ಮುಂದಕ್ಕೆ ಹೋಗುತ್ತಿತ್ತು. ಪರೀಕ್ಷೆಗಳೂ ಹಾಗೆಯೇ. ವಿದ್ಯಾರ್ಥಿಗಳ ಬೈಗುಳ ಬೀಳುತ್ತಿದ್ದದ್ದು ಮಾತ್ರ ನಮ್ಮಂಥ ಗುಮಾಸ್ತರ ಕಿಟಕಿಗೆ.

ಅದಕ್ಕೇ ಅಣ್ಣಾಸಾಬರು ಈ ವಹಿ ಹೊರಡಿಸಿದರು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ — ಐದು ಕಾಲೇಜುಗಳ ಐವರು ಗುಮಾಸ್ತರು. ಪತ್ರಿಕೆಯಲ್ಲಿ ಸುತ್ತಿ, ಮೇಲೆ ‘ಕಚೇರಿ ಕಾಗದ’ ಎಂದು ಬರೆದು, ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಒಂದು ಸುತ್ತಿಗೆ ಹದಿನೈದು ದಿನ. ಯಾರೂ ನಿಜವಾದ ಹೆಸರು ಬರೆಯುವಂತಿರಲಿಲ್ಲ. ಅಣ್ಣಾಸಾಬರು ‘ಹಂಗಾಮಿ ಕುಲಪತಿ’. ಚಿಕ್ಕೋಡಿಯವರು ‘ಕಳೆದ ಕಡತ’. ನಾನು ‘ನಕಲು ಪ್ರತಿ’.

ನಿಪ್ಪಾಣಿಯವರು ಬರೆಯುತ್ತಿದ್ದರು: “ಕುಲಪತಿ ಕುರ್ಚಿ ಖಾಲಿ ಐತಂತ. ನಮ್ಮ ತಂಬಾಕ ಗೋಡೌನದಾಗೂ ಒಂದ ಖಾಲಿ ಕುರ್ಚಿ ಐತಿ. ಅದಕ್ಕೂ ಪ್ರಭಾರಿ ಹಾಕ್ತಾರೇನು?”

ಅಣ್ಣಾಸಾಬರ ಉತ್ತರ: “ಖಾಲಿ ಎಲ್ಲೈತಿಲೇ? ಕುರ್ಚಿ ಮ್ಯಾಲ ಪ್ರಭಾರಿ ಕುಂತಾನ, ಅವನ ತೊಡಿ ಮ್ಯಾಲ ಹೆಚ್ಚುವರಿ ಪ್ರಭಾರಿ ಕುಂತಾನ. ಕುರ್ಚಿ ರಾಜೀನಾಮೆ ಬರಿಯಾಕತ್ತೈತಿ.”

ಚಿಕ್ಕೋಡಿಯಿಂದ: “ನಮ್ಮಲ್ಲಿ ಒಬ್ಬಂವಗ ಎರಡು ಮಾರ್ಕ್ಸ್ ಕಾರ್ಡ್ ಬಂದಾವು. ಒಂದರಾಗ ಪಾಸ, ಒಂದರಾಗ ಫೇಲ. ಪೇಢೆ ಹಂಚಲ್ಯೋ ಬ್ಯಾಡೋ ಅಂತ ಕೇಳಾಕತ್ತಾನ.”

“ಅರ್ಧರ್ಧ ಮುರದು ಹಂಚಂತ ಹೇಳು.” ಕೆಳಗೆ ಸಹಿ: ‘ಹಂಗಾಮಿ ಕುಲಪತಿ’.

ಖೋಲಿಯಲ್ಲಿ ಒಬ್ಬನೇ ಕುಳಿತು ಓದಿ ನಗುತ್ತಿದ್ದೆ. ಅವರ ಮುಖ ನೋಡಿರಲಿಲ್ಲ. ಅಕ್ಷರ ಮಾತ್ರ ಗೊತ್ತಿತ್ತು.

ಆ ಮೇ ತಿಂಗಳಲ್ಲಿ ಬಿ.ಎ. ಅಂತಿಮ ವರ್ಷದ ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಗಿ ಮೂರನೇ ಸಲ ಶುರುವಾಗಿತ್ತು. ವಹಿಗಾಗಿ ನಾನೊಂದು ಅಣಕು ಸುತ್ತೋಲೆ ಟೈಪ್ ಮಾಡಿದೆ. ಕಡತ ಸಂಖ್ಯೆ, ವಿಷಯ, ಉಲ್ಲೇಖ ಎಲ್ಲ ವಿಶ್ವವಿದ್ಯಾಲಯದ ಪದ್ಧತಿಯಂತೆಯೇ ಇದ್ದವು. ಇತಿಹಾಸದ ಕೊನೆಯ ಪತ್ರಿಕೆಯನ್ನು ಅನಿವಾರ್ಯ ಕಾರಣಗಳಿಂದ ಮುಂದೂಡಲಾಗಿದೆ ಎಂದು ಮೊದಲ ಹಾಳೆಯಲ್ಲಿತ್ತು. ಕಾರಣಗಳು ಎರಡನೇ ಹಾಳೆಯಲ್ಲಿ: ಪ್ರಶ್ನೆ ತೆಗೆಯುವವರಿಗೆ ಪ್ರಶ್ನೆ ಹೊಳೆಯುತ್ತಿಲ್ಲ, ಹೊಳೆದವರಿಗೆ ಪ್ರಭಾರ ಸಿಕ್ಕಿಲ್ಲ, ಆದ್ದರಿಂದ ವಿದ್ಯಾರ್ಥಿಗಳು ಉತ್ತರಗಳನ್ನು ಮೊದಲೇ ಕಳಿಸತಕ್ಕದ್ದು. ನಗೆಯೆಲ್ಲ ಆ ಹಾಳೆಯಲ್ಲಿತ್ತು. ಎರಡನ್ನೂ ಟೇಬಲ್ಲಿನ ಮೇಲಿನ ಟಪಾಲು ಟ್ರೇಯಲ್ಲಿಟ್ಟು ಕೆಲಸದ ಮೇಲೆ ಅಥಣಿಗೆ ಹೋದೆ.

ನಮ್ಮಲ್ಲಿ ಸುತ್ತೋಲೆಯನ್ನು ಓದುವ ರೂಢಿ ಇರಲಿಲ್ಲ. ವಿಷಯದ ಸಾಲು ನೋಡುವುದು, ಸಹಿ ಮಾಡುವುದು, ಮೊದಲ ಹಾಳೆ ಸೂಚನಾ ಫಲಕಕ್ಕೆ, ಉಳಿದದ್ದು ಕಡತಕ್ಕೆ. ಫಲಕದಲ್ಲಿ ಅಷ್ಟೇ ಜಾಗ. ಪ್ರಾಚಾರ್ಯರು ಟ್ರೇ ನೋಡಿ ಅದನ್ನೇ ಮಾಡಿದರು. ಪರೀಕ್ಷೆ ಮೂರನೇ ಸಲ ಮುಂದಕ್ಕೆ ಹೋದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

ನಾಲ್ಕು ಗಂಟೆಗೆ ನಾನು ಮರಳಿದಾಗ ಆ ಹಾಳೆ ಫಲಕದ ಮೇಲಿತ್ತು. ಪರೀಕ್ಷೆ ಮರುದಿನ ಬೆಳಿಗ್ಗೆ. ಹಾಳೆ ಕಿತ್ತೆ. ಹದಿನೇಳು ವಿದ್ಯಾರ್ಥಿಗಳಲ್ಲಿ ಹದಿನಾರು ಜನರಿಗೆ ಸಂಜೆಯೊಳಗೆ ಸುದ್ದಿ ಮುಟ್ಟಿಸಿದೆ. ಉಳಿದವಳು ಜುಗೂಳದ ಸುಜಾತಾ. ಅವಳು ಫಲಕ ನೋಡಿ ಮಧ್ಯಾಹ್ನವೇ ಊರಿಗೆ ಹೋಗಿದ್ದಳು. ಐದೂವರೆಗೆ ಜುಗೂಳದ ಬಸ್ಸಿತ್ತು. ನಾನು ಹತ್ತಲಿಲ್ಲ. ಹೋದರೆ ಯಾಕೆ ಹೀಗಾಯಿತೆಂದು ಹೇಳಬೇಕಾಗುತ್ತಿತ್ತು. ಹಾಲಿನ ಕ್ಯಾನು ಒಯ್ಯುವ ಆ ಊರಿನವನೊಬ್ಬನಿಗೆ ಹೇಳಿಕಳಿಸಿದೆ. ಅವನು ಮರೆತ.

ಬೆಳಿಗ್ಗೆ ಅವಳ ಬೆಂಚು ಖಾಲಿ ಇತ್ತು. ಹಾಜರಿ ಪಟ್ಟಿಯಲ್ಲಿ ಅವಳ ನಂಬರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈರು’ ಎಂದು ಬರೆದವನೂ ನಾನೇ.

ಮೂರನೇ ದಿನ ಅವಳ ತಂದೆ ಬಂದರು. ಬೇರೆಯವರ ಕಬ್ಬಿನ ಹೊಲದಲ್ಲಿ ದುಡಿಯುವವರು. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಸುಜಾತಾ ಒಬ್ಬಳೇ.

“ಸಾಹೇಬ್ರ, ಮಿರಜದವ್ರು ಬಂದು ನೋಡಿ ಹೋಗ್ಯಾರ. ಡಿಗ್ರಿ ಮುಗದ ಮ್ಯಾಲ ಲಗ್ನ ಅಂತ ನಿಂದರಿಸೀನ್ರಿ. ದೀಪಾವಳಿ ತನಕ ತಡೀತಾರ. ಇನ್ನೊಂದ ವರ್ಷ ಅಂದ್ರ ಅವರೂ ತಡ್ಯೂದಿಲ್ಲ, ಈಕಿ ಸಾಲಿನೂ ಮುಗಿಯೂದಿಲ್ಲ.”

“ವಿಚಾರ ಮಾಡ್ತೀನ್ರಿ” ಅಂದೆ. ನಿಜ ಬಾಯಿಗೆ ಬರಲಿಲ್ಲ. ಅವರು ಹೋದ ಮೇಲೆ ರಾಯಬಾಗಕ್ಕೆ ಎಲ್ಲವನ್ನೂ ಬರೆದೆ. ವಹಿಯಲ್ಲಲ್ಲ, ಬೇರೆ ಕಾಗದದಲ್ಲಿ, ನನ್ನ ಹೆಸರು ಹಾಕಿ.

ಭಾನುವಾರ ಮಧ್ಯಾಹ್ನ ಖೋಲಿಯ ಬಾಗಿಲಲ್ಲಿ ಬಿಳಿ ಟೋಪಿಯ, ತೆಳ್ಳನೆಯ ಮನುಷ್ಯರೊಬ್ಬರು ನಿಂತಿದ್ದರು.

“ನಕಲು ಪ್ರತಿ ಅಂದ್ರ ನೀವೇನ್ರಿ? ದನಿ ಇಷ್ಟ ಸಣ್ಣದೈತಿ, ಬರಿಯೂದು ಮಾತ್ರ ಗಟ್ಟಿ.”

ಚಹಾ ಕುಡಿದ ಮೇಲೆ ಅಣ್ಣಾಸಾಬರು ತಮಾಷೆ ಬಿಟ್ಟರು. “ಮೊದಲ ಆ ಹುಡುಗಿಗೆ ಹೇಳ್ರಿ. ವಿಶ್ವವಿದ್ಯಾಲಯ ಆಮ್ಯಾಲ.”

“ನೌಕರಿ ಹೋದ್ರ?”

“ಹೋಗಬಹುದು. ಆದ್ರ ಅಕಿದು ವರ್ಷ ಈಗಾಗ್ಲೇ ಹೋಗೇತಲ್ರಿ.”

ಇಬ್ಬರೂ ಜುಗೂಳಕ್ಕೆ ಹೋದೆವು. ಸುಜಾತಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೇಳಿದೆ. ಅವಳು ಮೊರ ಕೆಳಗಿಟ್ಟು ಕೇಳಿದಳು: “ಎರಡನೇ ಹಾಳ್ಯಾಗ ಏನಿತ್ರಿ ಸರ?”

ಕಡತದಿಂದ ತೆಗೆದ ಆ ಹಾಳೆ ಜೇಬಿನಲ್ಲಿತ್ತು. ಓದಿದೆ. ಪ್ರಶ್ನೆ ಹೊಳೆಯುತ್ತಿಲ್ಲ ಎಂಬ ಸಾಲು, ಪ್ರಭಾರದ ಸಾಲು, ಉತ್ತರ ಮೊದಲೇ ಕಳಿಸುವ ಸಾಲು. ಟೈಪ್ ಮಾಡುವಾಗ ನನಗೆ ನಗು ತಡೆಯಲಾಗಿರಲಿಲ್ಲ. ಆ ಅಂಗಳದಲ್ಲಿ ಯಾರೂ ನಗಲಿಲ್ಲ. ಅವಳು ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದಳು. ಅವಳ ತಂದೆ ಮಾತ್ರ, “ಬಿಸಲಾಗ ಬಂದಾರ, ನೀರ ಕೊಡವಾ” ಅಂದರು. ನೀರು ಕುಡಿದು ಹೊರಟೆವು.

ವಿಶ್ವವಿದ್ಯಾಲಯದಲ್ಲಿ ಮೂರು ದಿನ ಅಡ್ಡಾಡಿದೆವು. ಪ್ರಭಾರಿಗಳು ಸಭೆಗೆ ಹೋಗಿದ್ದರು. ಹೆಚ್ಚುವರಿ ಪ್ರಭಾರಿಗಳಿಗೆ ಸಹಿ ಮಾಡುವ ಅಧಿಕಾರವಿದೆಯೋ ಇಲ್ಲವೋ ಎಂಬ ಕಡತ ಸಿಂಡಿಕೇಟ್ ಮುಂದಿತ್ತು. ವಹಿಯಲ್ಲಿ ನಾವು ಬರೆದದ್ದೆಲ್ಲ ಕಣ್ಣೆದುರೇ ನಡೆಯುತ್ತಿತ್ತು. ಕೈಯಲ್ಲಿ ಒಬ್ಬಳ ಅರ್ಜಿ ಇದ್ದಾಗ ಅದು ತಮಾಷೆಯಾಗಿ ಕಾಣಲಿಲ್ಲ.

ಕೊನೆಗೆ ಸಿಕ್ಕ ವಿಭಾಗಾಧಿಕಾರಿ ನಮ್ಮ ಮನವಿ ಓದಿ ಕೆಳಗಿಟ್ಟರು. “ಗೈರು ಅಂದ್ರ ಗೈರು. ಸುಳ್ಳು ಸುತ್ತೋಲೆ ಅಂತೀರಿ, ಅದು ಚೇಷ್ಟೆಗೆ ಹುಟ್ಟಿದ್ದು ಅಂತೀರಿ. ಪುರಾವೆ?”

ಅಣ್ಣಾಸಾಬರು ಚೀಲದಿಂದ ವಹಿ ತೆಗೆದು ಟೇಬಲ್ಲಿನ ಮೇಲಿಟ್ಟರು. ತಂದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ಐವರ ಕೈಬರಹವಿತ್ತು. ಎಲ್ಲರಿಗಿಂತ ಹೆಚ್ಚು ಬರೆದವರು ಅವರೇ.

ಅಧಿಕಾರಿ ಕಾಲು ಗಂಟೆ ಓದಿದರು. ಮುಖ ಬಿಗಿದಿತ್ತು. ಒಂದು ಪುಟದಲ್ಲಿ ಅವರ ಬಗ್ಗೆಯೇ ಇತ್ತು. ಮುಂದಿನ ಪುಟಕ್ಕೆ ಬಂದಾಗ ಕನ್ನಡಕ ತೆಗೆದು, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, ಭುಜ ಅಲುಗಿಸಿ ನಕ್ಕರು. “ಹಂಗಾಮಿ ಕುಲಪತಿ ಯಾರಪಾ?”

“ನಾನ್ರಿ.”

“ಖರೇ ಕುಲಪತಿ ಬಂದ್ರ ನಿಮ್ಮನ್ನ ಬಿಡೂದಿಲ್ಲ.”

“ಅವರು ಬರಲಿ ಅಂತ ನಾವೂ ಕಾಯಾಕತ್ತೀವ್ರಿ.”

ಅಧಿಕಾರಿ ವಹಿಯ ಮೇಲೆ ಮೊಹರು ಹಾಕಿ, ‘ಅಡಕ ೧’ ಎಂದು ಬರೆದು ಅರ್ಜಿಗೆ ಲಗತ್ತಿಸಿದರು. ಅದು ಮತ್ತೆ ನಮ್ಮ ಕೈಗೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಮೂರು ಕಾಗದ ಬಂದವು. ಒಂದು, ನನ್ನ ಸೇವಾ ಪುಸ್ತಕಕ್ಕೆ ವಾಗ್ದಂಡನೆ. ಇನ್ನೊಂದರಲ್ಲಿ ಅಣ್ಣಾಸಾಬರನ್ನು ಪರೀಕ್ಷಾ ವಿಭಾಗದಿಂದ ತೆಗೆದು ಗ್ರಂಥಾಲಯದ ಪುಸ್ತಕಗಳಿಗೆ ನಂಬರು ಬರೆಯಲು ಹಾಕಿದ ಸುದ್ದಿ. ಮೂರನೆಯದು ಸುಜಾತಾಳಿಗೆ ನಮ್ಮ ಕಾಲೇಜಿನಲ್ಲೇ ವಿಶೇಷ ಪರೀಕ್ಷೆ ನಡೆಸುವ ಆದೇಶ. ಉಳಿದ ಮೂವರು ಗುಮಾಸ್ತರಿಗೂ ಎಚ್ಚರಿಕೆ ಹೋಗಿತ್ತು. ಅವರು ನನಗೆ ಮತ್ತೆ ಬರೆಯಲಿಲ್ಲ. ಬರೆಯಬೇಕೆಂದು ನಾನು ನಿರೀಕ್ಷಿಸುವಂತೆಯೂ ಇರಲಿಲ್ಲ. ಅಣ್ಣಾಸಾಬರಿಂದ ಮಾತ್ರ ಒಂದು ಕಾರ್ಡು ಬಂತು: “ಪುಸ್ತಕಗಳು ಸುಮ್ಮನ ಇರ್ತಾವು. ಅಡ್ಡಿ ಇಲ್ಲ.”

ಅಕ್ಟೋಬರಿನ ಒಂದು ಬೆಳಿಗ್ಗೆ, ಹದಿನೇಳು ಬೆಂಚಿನ ಕೋಣೆಯಲ್ಲಿ ಸುಜಾತಾ ಒಬ್ಬಳೇ ಕುಳಿತು ಬರೆದಳು. ಇತಿಹಾಸದ ಉಪನ್ಯಾಸಕರು ಮೇಲ್ವಿಚಾರಕರು. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ. ಮೂರು ಗಂಟೆ ಅವಳ ಪೆನ್ನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಉತ್ತರಪತ್ರಿಕೆಗೆ ದಾರ ಕಟ್ಟಿ ನನ್ನ ಕೈಗೆ ಕೊಡುವಾಗ ಕೇಳಿದಳು: “ಸರ, ಇದನ್ನ ಅಲ್ಲಿ ಯಾರರ ಓದ್ತಾರೇನ್ರಿ?”

“ಓದ್ತಾರವಾ” ಅಂದೆ. ನನಗೆ ಖಾತ್ರಿ ಇರಲಿಲ್ಲ. ಆ ಲಕೋಟೆಯನ್ನು ಟಪಾಲಿಗೆ ಹಾಕಲಿಲ್ಲ. ಮರುದಿನ ಮೊದಲ ಬಸ್ಸಿಗೆ ನಾನೇ ಒಯ್ದು, ಮೌಲ್ಯಮಾಪಕರ ಟೇಬಲ್ಲಿಗೆ ಮುಟ್ಟಿಸಿ ಬಂದೆ. ದೀಪಾವಳಿಯ ನಂತರ ಅವಳ ಲಗ್ನವಾಯಿತು. ಫಲಿತಾಂಶ ಬಂದದ್ದು ಫೆಬ್ರುವರಿಯಲ್ಲಿ. ಪಾಸಾಗಿದ್ದಳು.

ಮತ್ತೆ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದೆ. ಈ ಕೆಲಸ ನನಗೆ ಕಲಿಸಿದ್ದು ದೊಡ್ಡದೇನಲ್ಲ. ಕಚೇರಿಯ ಕಾಗದವನ್ನು ಬರೆಯುವವರು, ಸಹಿ ಮಾಡುವವರು ಹಲವರು. ಕೊನೆಗೆ ಅದನ್ನು ನಂಬಿ ಮನೆಗೆ ನಡೆದು ಹೋಗುವವರು ಒಬ್ಬರೇ. ತಪ್ಪು ಕಾಗದ ಹೊರಗೆ ಬಿದ್ದರೆ ಅದರ ಬೆನ್ನು ಹತ್ತಿ ನಾವೇ ಅವರ ಬಾಗಿಲಿಗೆ ಹೋಗಬೇಕು. ಒಬ್ಬನೇ ಹೋಗಲು ಧೈರ್ಯವಿಲ್ಲದ ಒಂದು ಮಧ್ಯಾಹ್ನ ನನ್ನ ಜೊತೆ ನಡೆದು ಬಂದವರೊಬ್ಬರಿದ್ದರು ಎಂದು ದಿಗ್ಗೇವಾಡಿಯ ಆ ವೈನಿಗೆ ಹೇಳಬೇಕಾಗಿತ್ತು.