ಗಾಳಿಯಿಲ್ಲದ ಬೆಳಗ್ಗೆ ಕೆರೆ ಅಲುಗಿದ್ದು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲವೆಂದು ಹೊಳೆನರಸೀಪುರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು ನಾನು. ಶಕುನ, ಸೂಚನೆ ಎಂದವರ ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ವರ್ಷ. ನಮ್ಮಣ್ಣ ಬೊಂಬಾಯಿ ಬಂದರಿನಲ್ಲಿ ಕಡಲಿನ ಮಟ್ಟ ಅಳೆಯುವ ಕೆಲಸದಲ್ಲಿದ್ದ. ದೀಪಾವಳಿಗೆ ಬಂದಾಗ ಅದನ್ನೆಲ್ಲ ವಿವರಿಸಿದ. ಕಡಲಿಗೆ ಕೊಳವೆಯಿಂದ ಕೂಡಿಸಿದ ಒಂದು ಬಾವಿ, ಅದರಲ್ಲಿ ತೇಲುವ ಟೊಳ್ಳು ಗುಂಡು. ಅದು ಏರಿಳಿದಂತೆ ಮೇಲಿನ ಲೇಖನಿ ಸುತ್ತುವ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಉಬ್ಬರವಿಳಿತದ ಲೆಕ್ಕದಲ್ಲಿ ಆ ಹೊತ್ತಿಗೆ ಇರಬೇಕಾದ ಮಟ್ಟಕ್ಕಿಂತ ಗೆರೆ ಎಷ್ಟು ಮೇಲೇರಿತೋ ಅಷ್ಟು ಅಲೆಯ ಎತ್ತರ. ಭೂಕಂಪದಲ್ಲಿ ಕಡಲ ತಳ ಮೇಲೆದ್ದರೆ ಅದರ ಮೇಲಿನ ನೀರೆಲ್ಲ ಎದ್ದು ಹರಡುತ್ತದಂತೆ. ನಡುಗಡಲಲ್ಲಿ ಹಡಗಿನವರಿಗೂ ತಿಳಿಯದು; ದಡದ ಬಳಿ ಆಳ ಕಡಿಮೆಯಾದಾಗ ಅಲೆಯ ವೇಗ ತಗ್ಗಿ ಎತ್ತರ ಬೆಳೆಯುತ್ತದೆ. ಸುನಾಮಿ ಎಂಬ ಮಾತು ಆಗ ನಮಗೆ ಗೊತ್ತಿರಲಿಲ್ಲ. "ನೀರು ಇದ್ದಕ್ಕಿದ್ದಂಗೆ ಇಂದಕ್ಕೋದ್ರೆ ನೋಡ್ತಾ ನಿಲ್ಬಾರ್ದು ಕಣ, ಓಡ್ಬೇಕು" ಎಂದಿದ್ದ.

ಅವನು ಹೋಗಿ ಮೂರು ವಾರವಾಗಿತ್ತು. ಅಂದು ರೈಲ್ವೆ ನಿಲ್ದಾಣದಲ್ಲಿ ಕೈಗಡಿಯಾರ ಸರಿಮಾಡಿಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದೆ. ಒಂದೆಲೆಯೂ ಅಲುಗುತ್ತಿರಲಿಲ್ಲ. ಬಟ್ಟೆ ಒಗೆಯುವ ನಿಂಗಮ್ಮ ಸೋಪಾನದ ಮೇಲಿದ್ದಳು. ಅವಳ ಇಬ್ಬರು ಹೆಣ್ಣುಮಕ್ಕಳು ಸೊಂಟದ ಮಟ್ಟದ ನೀರಿನಲ್ಲಿದ್ದರು.

"ಸಾ, ನೀರು ಇಂದಕ್ಕೋಯ್ತಾ ಅದೆ" ಎಂದಳು ನಿಂಗಮ್ಮ.

ನೋಡಿದೆ. ನೀರೊಳಗಿದ್ದ ಎರಡು ಮೆಟ್ಟಿಲು ಕೆಸರು ಮೆತ್ತಿಕೊಂಡು ಹೊರಗೆ ತೋರುತ್ತಿದ್ದವು. ಯೋಚಿಸಲಿಲ್ಲ, ಚಪ್ಪಲಿ ಸಮೇತ ಇಳಿದು ಮಕ್ಕಳನ್ನು ರಟ್ಟೆ ಹಿಡಿದು ಎಳೆದೆ, ಬಟ್ಟೆ ಬಿಟ್ಟು ಬಾ ಎಂದು ಅವಳನ್ನು ಗದರಿಸಿದೆ. ನಾವು ಏರಿ ಹತ್ತುವಷ್ಟರಲ್ಲಿ ನೀರು ಸದ್ದಿಲ್ಲದೆ ತಿರುಗಿ ಬಂದು, ಮಕ್ಕಳಿದ್ದ ಜಾಗದಲ್ಲಿ ಅವರ ತಲೆ ಮುಳುಗುವಷ್ಟು ಏರಿ, ಬಟ್ಟೆಯ ಗಂಟನ್ನು ಒಳಕ್ಕೆ ಎಳೆದುಕೊಂಡಿತು. ನಾಲ್ಕೈದು ಸಲ ಹಾಗೇ ತೂಗಿ ನಿಂತಿತು. ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಒದ್ದೆಯ ಗುರುತು ಮೊದಲಿನ ಮಟ್ಟಕ್ಕಿಂತ ಒಂದು ಮೊಳ ಮೇಲಿತ್ತು. ಗಡಿಯಾರ ನೋಡಿದೆ: ಎಂಟೂಕಾಲು.

ಮರುದಿನ ಪತ್ರಿಕೆಯಲ್ಲಿ, ದೂರದ ಕಡಲಿನಲ್ಲಿ ಭೂಕಂಪವಾಗಿ ಬೊಂಬಾಯಿಯಲ್ಲಿ ಕಡಲು ನುಗ್ಗಿದ ಸುದ್ದಿ, ಕೆಲವರು ಸತ್ತಿದ್ದರು. ಅಣ್ಣನ ಕಾಗದ ಬರುವವರೆಗೆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಅಮ್ಮನಿಗೆ ಪತ್ರಿಕೆ ತೋರಿಸಲಿಲ್ಲ. ಕೊನೆಗೆ ಬಂತು. ಅವನು ಕ್ಷೇಮವಾಗಿದ್ದ. ಗೆರೆ ಮೊದಲು ಕುಸಿದು ಮೇಲೆ ಹಾರಿದ್ದು, ಬೊಂಬಾಯಿಯ ಬೇರೆ ಗಡಿಯಾರದಂತಲ್ಲ, ನಮ್ಮಲ್ಲೂ ಅಲ್ಲೂ ಒಂದೇ ಆದ ರೈಲ್ವೆ ಗಡಿಯಾರದಂತೆ, ಎಂಟೂಕಾಲಕ್ಕೆ ಎಂದು ಬರೆದಿದ್ದ.

ದೂರದ ಭೂಕಂಪಕ್ಕೆ ಕೆರೆಗಳು ತೂಗುವುದುಂಟು ಎಂದರು ಹಾಸನದ ಇಂಜಿನಿಯರೊಬ್ಬರು. ಆದರೆ ಭೂಮಿ ನಡುಗಿದ್ದು ಬೆಳಗಿನ ಜಾವ. ಕೆರೆ ತೂಗುವುದಿದ್ದರೆ ಆಗಲೇ ತೂಗಬೇಕಿತ್ತು. ಎಂಟೂಕಾಲಕ್ಕೆ ಬಂದದ್ದು ಕಡಲ ಅಲೆ. ಅದು ಘಟ್ಟ ಹತ್ತಿ ಬರುವುದಿಲ್ಲ ಎಂದೂ ಅವರೇ ಹೇಳಿದರು.

ನಿಂಗಮ್ಮ ಆಮೇಲೆ ಹೊಳೆಗೇ ಹೋಗಿ ಒಗೆಯುತ್ತಿದ್ದಳು. ಒಮ್ಮೆ ಎದುರಾದಾಗ ಕೇಳಿದಳು: "ಕಡಲ್ಗೂ ನಮ್ ಕೆರೆಗೂ ಏನ್ ನೆಂಟು ಸಾ?"

ಗೊತ್ತಿಲ್ಲಮ್ಮ ಎಂದೆ. ಮೇಷ್ಟ್ರಾಗಿ ನಾನು ಹಾಗೆಂದದ್ದು ಅದೇ ಮೊದಲು.