ಸಾಹುಕಾರರ ಕಣದ ನಾಯಿ

ಅಡಿಕೆ ಬೆಳೆಯುವ ಊರಿನವರಿಗೆ ಅದೇನೋ ಒಂದು ಗತ್ತು ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಜಗಳೂರು ಸೀಮೆಯವಳು, ಜೋಳ ರಾಗಿ ತಿಂದು ಬೆಳೆದವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ, ಉಬ್ರಾಣಿಗೆ ಅಷ್ಟೇನೂ ದೂರವಲ್ಲದ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಟೀಚರಾಗಿ ಹಾಕಿದಾಗ ಆ ಗತ್ತನ್ನು ಹತ್ತಿರದಿಂದ ನೋಡುವ ಭಾಗ್ಯ ಸಿಕ್ಕಿತು. ಮನೆಯಲ್ಲಿ ನಾನು, ನನ್ನ ಅವ್ವ ಇಬ್ಬರೇ. ನಮಗೆ ಮನೆ ಕೊಟ್ಟವರು ಊರಿನ ದೊಡ್ಡ ಸಾಹುಕಾರರು. ಅವರ ಭಾಷೆಯಲ್ಲಿ ಅದು ಬಾಡಿಗೆಗೆ ಕೊಟ್ಟದ್ದಲ್ಲ, ಉಪಕಾರ ಮಾಡಿದ್ದು. ತಿಂಗಳ ಬಾಡಿಗೆಯನ್ನೂ ಮಠಕ್ಕೆ ಬಂದ ಕಾಣಿಕೆಯ ಹಾಗೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು.

ನಮ್ಮ ಮನೆಯ ಹಿಂದಿನ ಗೋಡೆಗೆ ಆಚೆ ಅವರ ಮನೆ, ಮನೆಯ ಹಿತ್ತಲಿಗೆ ಅಂಟಿಕೊಂಡಂತೆ ಅಡಿಕೆ ಕಣ. ಸಾಹುಕಾರರು ಸುತ್ತಲಿನವರ ಫಸಲನ್ನು ಮರದ ಮೇಲಿರುವಾಗಲೇ ಒಟ್ಟು ದರಕ್ಕೆ ಖೇಣಿ ಹಿಡಿದು, ಕೊಯ್ಲಿನ ಕಾಲಕ್ಕೆ ಸವಳಂಗದ ಕಡೆಯಿಂದ ಆಳುಗಳನ್ನು ಕರೆಸಿ, ಸುಲಿಸಿ ಬೇಯಿಸಿ ಆ ಕಣದಲ್ಲಿ ಒಣಗಿಸುತ್ತಿದ್ದರು. ಒಣಗುವ ಅಡಿಕೆ ಕಾಯಲು ಒಂದು ಕಂದು ನಾಯಿ, ಅದರ ಕೊರಳಿಗೆ ಎತ್ತಿಗೆ ಕಟ್ಟುವಂಥ ಸರಪಳಿ. ಆಳುಗಳು ತಾವು ಉಂಡು ಉಳಿದ ಮುದ್ದೆ ಎಸೆಯುತ್ತಿದ್ದರು, ನಾಯಿ ಊರೆಲ್ಲ ಕೇಳುವ ಹಾಗೆ ಬೊಗಳುತ್ತಿತ್ತು. ಅಡಿಕೆ ಮಾರಾಟವಾದ ಮೇಲೆ ಕಣ ಎತ್ತಿದರು. ಹಂಡೆ, ಬುಟ್ಟಿ, ಚಾಪೆ, ಸುಲಿಯುವ ಮೆಟ್ಟುಗತ್ತಿ ಎಲ್ಲವನ್ನೂ ಜೋಪಾನವಾಗಿ ಒಳಗಿಟ್ಟು ಬೀಗ ಹಾಕಿದರು. ಆಳುಗಳು ಬಸ್ಸು ಹತ್ತಿದರು. ನಾಯಿಗೆ ಅನ್ನ ಹಾಕುವುದು ಆಳುಗಳ ಕೆಲಸವಾಗಿದ್ದರಿಂದ, ಅವರು ಹೋದ ಮೇಲೆ ಅದು ಯಾರ ಕೆಲಸವೂ ಆಗಿರಲಿಲ್ಲ.

ಭಾರತ ಹುಣ್ಣಿಮೆಯ ಆಸುಪಾಸು ಒಂದು ಭಾನುವಾರ ಸಾಹುಕಾರರ ಮನೆಯಲ್ಲಿ ಮೈಲಾರಲಿಂಗನ ದೋಣಿ ಸೇವೆ ಇಟ್ಟುಕೊಂಡರು. ಫಸಲು ಚೆನ್ನಾಗಿ ಬಂದರೆ ಮಾಡಿಸುತ್ತೇನೆಂಬ ಹರಕೆಯಂತೆ. ನಮಗೂ ಕರೆ ಬಂತು. ಈ ಸೇವೆ ನೋಡದವರಿಗೆ ಹೇಳುತ್ತೇನೆ: ಕರಿಕಂಬಳಿಯ ನಿಲುವಂಗಿ ತೊಟ್ಟು, ಕರಡಿ ಕೂದಲಿನ ಟೊಪ್ಪಿಗೆ ಇಟ್ಟ ಗೊರವಯ್ಯಗಳು ಬರುತ್ತಾರೆ. ಅವರು ದೇವರ ನಾಯಿಗಳು. ದೋಣಿಯೆಂಬ ಮರದ ಬಟ್ಟಲಲ್ಲಿ ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ ಕಲಸಿ ತುಂಬಿಸಿದರೆ, ಅವರು ಮೊಣಕಾಲೂರಿ, ಬೊಗಳಿ, ಒಬ್ಬರ ಮೇಲೊಬ್ಬರು ಗುರುಗುಟ್ಟಿ, ಬಾಯಿ ಹಾಕಿ ತಿನ್ನುತ್ತಾರೆ. ಗೊರವಯ್ಯಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರು ತಮ್ಮ ಸೇವೆ ಸಲ್ಲಿಸಿ, ಬಾಯಿ ತೊಳೆದುಕೊಂಡು, ಮತ್ತೆ ಮನುಷ್ಯರಾಗಿ ಮುಂದಿನ ಊರಿಗೆ ನಡೆಯುತ್ತಾರೆ. ಹಾಗೆ ಮನುಷ್ಯರಾಗುವ ಗೋಜಿಗೆ ಎಂದೂ ಹೋಗದವರು ಸುತ್ತ ಕೈ ಮುಗಿದು ನಿಂತಿದ್ದರು.

ಸಾಹುಕಾರರ ಹೆಂಡತಿ ಕಣ್ಣಿಗೆ ಸೆರಗು ಹಚ್ಚಿಕೊಂಡು ನನಗೆ ಹೇಳಿದರು, "ನೋಡ್ರಿ ಟೀಚರಮ್ಮ, ಸ್ವಾಮಿ ನಾಯಿ ರೂಪದಾಗೆ ಬಂದು ಹೆಂಗೆ ಉಣ್ತಾನೆ."

ಗೊರವಯ್ಯಗಳು ಬೊಗಳಿದಾಗ ಹಿತ್ತಲಿನಿಂದ ಯಾರೋ ಕೆಮ್ಮಿದ ಹಾಗೆ ಸದ್ದು ಬಂತು. ಮತ್ತೊಮ್ಮೆ ಬೊಗಳಿದರು, ಮತ್ತೊಮ್ಮೆ ಆ ಸದ್ದು. ಅದು ಕೆಮ್ಮಲ್ಲ, ಉತ್ತರ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿತ್ತಲ ಬಾಗಿಲಿಗೆ ಹೋಗಿ ನೋಡಿದೆ. ಖಾಲಿ ಕಣದ ಕಂಬಕ್ಕೆ ಅದೇ ಸರಪಳಿ, ಸರಪಳಿಯ ತುದಿಗೆ ಮೂಳೆ ಮತ್ತು ಕಜ್ಜಿ. ಕೊರಳಿನ ಮಾಂಸ ಸರಪಳಿಯ ಮೇಲೆ ಬೆಳೆದುಕೊಂಡಿತ್ತು. ಗಾಯದಲ್ಲಿ ಹುಳ ಮಿಜಿಮಿಜಿ ಅನ್ನುತ್ತಿದ್ದವು. ನಾಯಿ ಬಾಲ ಅಲ್ಲಾಡಿಸಿತು. ನನಗೆ ಸಿಟ್ಟು ಬಂತು.

ಒಳಗೆ ಬಂದು ದೋಣಿಯ ಪಕ್ಕ ಉಳಿದಿದ್ದ ಹಾಲು ಹಣ್ಣನ್ನು ಒಂದು ಮುತ್ತುಗದ ಎಲೆಗೆ ಹಾಕಿಕೊಂಡೆ. ಕಣ್ಣೊರೆಸಿಕೊಳ್ಳುತ್ತಿದ್ದ ಅದೇ ಹೆಂಗಸು ನನ್ನ ಕೈ ಹಿಡಿದರು.

"ಅಯ್ಯ, ಬ್ಯಾಡ್ರಿ. ಸ್ವಾಮಿ ಎಡಿ ಅದು. ನಾಯಿಗೆ ಹಾಕ್ತಾರೇನ್ರಿ?"

ಅವರ ಮುಖದಲ್ಲಿ ಕಪಟ ಒಂದಿಷ್ಟೂ ಇರಲಿಲ್ಲ, ಅದೇ ಅಸಹ್ಯ. ಎಲೆ ಅಲ್ಲಿಯೇ ಇಟ್ಟು ಸಾಹುಕಾರರ ಹತ್ತಿರ ಹೋಗಿ, ಆ ನಾಯಿಯನ್ನು ನನಗೆ ಕೊಡಿ ಎಂದೆ. ಅವರು ಬಾಯಿಯ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ, "ತಗೊಂಡು ಹೋಗ್ರಿ ಅತ್ಲಾಗೆ. ಎಲ್ಡು ದಿನದ ಗಿರಾಕಿ ಅದು. ನಮಗೂ ಎಳೆದು ಬಿಸಾಕೋ ಕೆಲ್ಸ ತಪ್ತು" ಎಂದರು. ಕುಳಿತಿದ್ದವರೆಲ್ಲ ನಕ್ಕರು. ಸಾಹುಕಾರರು ಆಕಳಿಸಿದ್ದರೂ ಅವರು ನಗುತ್ತಿದ್ದರು.

ಅವ್ವ ನಾಯಿಯನ್ನು ನೋಡಿ ಬಾಗಿಲಿಗೆ ಅಡ್ಡ ನಿಂತಳು. "ಇಬ್ಬರಿಗೆ ಒಲೆ ಹಚ್ಚೋದ್ರಾಗೇ ನನ್ನ ಸೊಂಟ ಬಿದ್ದೈತೆ. ಇದೊಂದು ಸುಡುಗಾಡು ಬೇರೆ ತಂದ್ಯಾ?" ಎಂದಳು. ಬೈಯುತ್ತಲೇ ಹೋಗಿ ಸೀತಾಫಲದ ಎಲೆ ಕಿತ್ತು ತಂದು, ಬೈಯುತ್ತಲೇ ಅರೆದು, ಗಾಯಕ್ಕೆ ಹಿಂಡಿದಳು. ಹುಳ ಉದುರಿದವು. ಊರ ಕಮ್ಮಾರ ಬಂದು ಸರಪಳಿ ತುಂಡರಿಸಿದ. ಮಾಂಸದಿಂದ ಅದನ್ನು ಬಿಡಿಸುವಾಗ ನಾಯಿ ಕೂಗಲಿಲ್ಲ, ನನ್ನ ಮೊಣಕೈಯನ್ನು ಬಾಯಲ್ಲಿ ಹಿಡಿದುಕೊಂಡಿತು, ಹಲ್ಲು ಊರಲಿಲ್ಲ. ಆ ಗಳಿಗೆಯಿಂದ ಅದು ನನ್ನದು.

ಚನ್ನಗಿರಿ ಸಂತೆಯಿಂದ ಗಂಧಕ ತಂದು, ಹೊಂಗೆ ಎಣ್ಣೆಯಲ್ಲಿ ಕಲಸಿ, ಕಜ್ಜಿಗೆ ಬಳಿದೆವು. ನಾಯಿ ಹಳದಿ ಹಳದಿಯಾಗಿ ನಾರುತ್ತ ಹಿತ್ತಲಲ್ಲಿ ಬಿದ್ದಿರುತ್ತಿತ್ತು. ಮೊದಮೊದಲು ಗಂಜಿ, ಆಮೇಲೆ ಮಜ್ಜಿಗೆಯಲ್ಲಿ ಕಿವುಚಿದ ಮುದ್ದೆ. ಮೈಯಲ್ಲಿ ಕಸುವು ಬಂದ ಮೇಲೂ ಒಂದು ತೊಂದರೆ ಉಳಿಯಿತು. ಕಟ್ಟದಿದ್ದರೂ ಅದು ಸರಪಳಿಯ ಉದ್ದದಷ್ಟೇ ಜಾಗದಲ್ಲಿ ಸುತ್ತು ಹಾಕುತ್ತಿತ್ತು, ಅದರಾಚೆ ಕಾಲಿಡುತ್ತಿರಲಿಲ್ಲ. ಅವ್ವ ಅದಕ್ಕೊಂದು ಉಪಾಯ ಮಾಡಿದಳು. ದಿನವೂ ಮುದ್ದೆಯ ತಟ್ಟೆಯನ್ನು ನಿನ್ನೆಗಿಂತ ಒಂದು ಗೇಣು ಆಚೆ ಇಟ್ಟು, "ತಿನ್ನಾದಾದ್ರೆ ಬಾ, ಇಲ್ದಿದ್ರೆ ಸಾಯಿ, ಸುಡುಗಾಡೇ" ಎಂದು ಬೆನ್ನು ತಿರುಗಿಸಿ ಕೂರುತ್ತಿದ್ದಳು. ಬೇಸಿಗೆ ಕಳೆಯುವುದರಲ್ಲಿ ತಟ್ಟೆ ಹಿತ್ತಲು ದಾಟಿ, ನಡುಮನೆ ದಾಟಿ, ಮುಂದಿನ ಜಗಲಿಗೆ ಬಂದಿತ್ತು. ಸುಡುಗಾಡು ಎಂಬುದೇ ಅದರ ಹೆಸರಾಯಿತು. ಹಾಗೆಂದು ಕರೆದರೆ ಎಲ್ಲಿದ್ದರೂ ಕಿವಿ ಹಾರಿಸುತ್ತ ಓಡಿ ಬರುತ್ತಿತ್ತು.

ಊರಿಗೆ ಇದೆಲ್ಲ ದೊಡ್ಡ ತಮಾಷೆ. "ಟೀಚರಮ್ಮ ಗಂಡು ಹುಡುಕೋ ವಯಸ್ನಾಗೆ ನಾಯಿ ಹುಡುಕ್ಯಾಳೆ" ಎಂದು ಬಾವಿಕಟ್ಟೆಯಲ್ಲಿ ನನಗೆ ಕೇಳಲೆಂದೇ ಹೇಳುತ್ತಿದ್ದರು. ಗಂಡು ಹುಡುಕಿಕೊಂಡವರ ಸುಖವನ್ನು ನಾನು ಅದೇ ಬಾವಿಕಟ್ಟೆಯಲ್ಲಿ, ಅವರವರ ಬಾಯಿಂದಲೇ ದಿನವೂ ಕೇಳುತ್ತಿದ್ದುದರಿಂದ ಹೊಟ್ಟೆಕಿಚ್ಚೇನೂ ಆಗಲಿಲ್ಲ. ಮಳೆಗಾಲದಲ್ಲಿ ನಾಯಿಗೆ ಹೊಸ ಕೂದಲು ಬಂತು, ನಮಗೇ ಗುರುತು ಸಿಗದಷ್ಟು ಮಿರಿಮಿರಿ ಮಿಂಚುವ ಕೂದಲು. ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಟ್ಟು, ಬೇವಿನ ಮರದಡಿ ಮಲಗಿ, ಸಂಜೆ ಜೊತೆಗೇ ವಾಪಸು. ನನಗೆ ಅದರ ಮೇಲೆ ಬಹಳ ಪ್ರೀತಿಯಿತ್ತು. ಆ ಊರಿನಲ್ಲಿ ನಾನು ಮುಖ ಸಿಂಡರಿಸದೆ ನೋಡುತ್ತಿದ್ದ ಜೀವವೆಂದರೆ ಅವ್ವನನ್ನು ಬಿಟ್ಟರೆ ಅದೊಂದೇ.

ಮತ್ತೆ ಕೊಯ್ಲು ಹತ್ತಿರ ಬಂತು. ಒಂದು ರಜೆಯ ದಿನ ಸಾಹುಕಾರರು ಒಬ್ಬ ಆಳನ್ನು ಕರೆದುಕೊಂಡು, ಹೊಸ ಸರಪಳಿ ಹಿಡಿದು ನಮ್ಮ ಜಗಲಿಯ ಮುಂದೆ ಬಂದು ನಿಂತರು. ಅವರು ನಿಂತಲ್ಲಿ ನಾಲ್ಕು ಜನ ಸೇರುವುದು ವಾಡಿಕೆ, ಸೇರಿದರು. ಅವ್ವ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾಯಿ ಅವಳ ತೊಡೆಗೆ ಒರಗಿ ಮಲಗಿತ್ತು. ಮಳೆ ಹಿಡಿದರೆ ಕೊರಳಿನ ಹಳೆಯ ಗಾಯ ತುರಿಸುತ್ತಿತ್ತೆಂದು ಬೆಳಿಗ್ಗೆಯಷ್ಟೇ ಗಂಧಕದ ಎಣ್ಣೆ ಹಚ್ಚಿದ್ದೆವು.

"ಸೀಜನ್ ಬಂತಲ್ಲ ಟೀಚರಮ್ಮ. ನಾಯಿ ಕೊಡ್ರಿ" ಎಂದರು ಸಾಹುಕಾರರು.

"ನೀವೇ ನನಗೆ ಕೊಟ್ಟಿದ್ದಲ್ವಾ?"

"ನಾ ಕೊಟ್ಟಿದ್ದು ಸಾಯೋ ನಾಯಿ."

"ಇದು ಅದೇ ನಾಯಿ."

"ಅದೇ ಅಂದ್ಮೇಲೆ ನಮ್ದೇ ಆತಲ್ರಿ."

ಸುತ್ತ ಇದ್ದವರು ತಲೆದೂಗಿದರು. ಸಾವ್ಕಾರ್ರ ಮಾತಿನಾಗೆ ನ್ಯಾಯ ಐತೆ ಎಂದು ಒಬ್ಬರು ಅಂದೂ ಅಂದರು. ನಾನು ಕೊಡುವುದಿಲ್ಲ ಎಂದೆ. ಸಾಹುಕಾರರು ನಮ್ಮ ಮನೆಯ ಸೂರನ್ನು, ಬಾಗಿಲನ್ನು, ಕಂಬವನ್ನು ಒಂದೊಂದಾಗಿ ನೋಡಿ, "ಮನಿನೂ ನಮ್ದೇ ಐತೆ, ನೆಪ್ಪಿರ್ಲಿ" ಎಂದರು. ಆ ಊರಿನಲ್ಲಿ ಅವರ ಮಾತು ಮೀರಿ ನಮಗೆ ಇನ್ನೊಂದು ಮನೆ ಕೊಡುವವರು ಯಾರೂ ಇರಲಿಲ್ಲ. ಅವರು ಸರಪಳಿ ಬಿಡಿಸುತ್ತ ಒಂದು ಹೆಜ್ಜೆ ಮುಂದೆ ಬಂದರು.

ಅವ್ವ ಮೊರದಿಂದ ತಲೆ ಎತ್ತಲಿಲ್ಲ. "ಮೈಲಾರಪ್ಪಗೆ ಬಿಟ್ಟೀವಿ ಅದನ್ನ" ಎಂದಳು.

"ಏನಂದ್ರಿ?"

"ಬಸವನ್ನ ಬಿಡಲ್ಲೇನು, ಹಂಗೆ. ದೇವರಿಗೆ ಬಿಟ್ಟಿದ್ದು. ಕೊಳ್ಳಾಗೆ ಭಂಡಾರ ಕಾಣಲ್ಲೇನು? ಕಟ್ಟೋದಾದ್ರೆ ಕಟ್ಟಿಕೊಳ್ರಿ. ಮುಂದಿಂದು ನಿಮಗೂ ಆ ಸ್ವಾಮಿಗೂ ಬಿಟ್ಟಿದ್ದು."

ಎಲ್ಲರೂ ನಾಯಿಯ ಕೊರಳು ನೋಡಿದರು. ಗಂಧಕ ಹಳದಿಯಾಗಿ ಹೊಳೆಯುತ್ತಿತ್ತು. ಅದರ ನಾತ ಬೀದಿಯ ಆಚೆಗೂ ಬಡಿಯುತ್ತಿತ್ತು. ಭಂಡಾರವೆಂದರೆ ಅರಿಶಿನ, ಅರಿಶಿನಕ್ಕೆ ಎಂಥ ವಾಸನೆಯೆಂದು ಹುಟ್ಟಿದ ಮಗುವಿಗೂ ಗೊತ್ತು. ಆದರೆ ಸಾಹುಕಾರರ ಭಕ್ತಿಗೆ ಮೂಗು ಇರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಸರಪಳಿ ಹಿಡಿದ ಕೈ ಬೆನ್ನ ಹಿಂದೆ ಹೋಯಿತು, ಅಲ್ಲಿಂದ ಅದು ಆಳಿನ ಕೈಗೆ ಹೋಯಿತು. ಚಪ್ಪಲಿ ಕಳಚಿದರು. "ಮೊದ್ಲೇ ಹೇಳಬಾರ್ದೇನವ್ವ" ಎಂದು ತೊದಲುತ್ತ, ನನ್ನ ನಾಯಿಗೆ ಕೈ ಮುಗಿಯಲು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದರು.

ನಾಯಿ ಆ ಕೈಗಳನ್ನು ನೋಡಿತು. ಜಗಲಿಯಿಂದ ಉರುಳಿ ಬಿದ್ದು, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಮುಂಗಾಲುಗಳ ನಡುವೆ ಮುಖ ಹುದುಗಿಸಿ, ಹೊಡೆತಕ್ಕೆ ಕಾಯುತ್ತ ಕಣ್ಣು ಮುಚ್ಚಿಕೊಂಡಿತು. ಅದರ ಅಡಿಯಿಂದ ಮೂತ್ರ ಸಣ್ಣಗೆ ಹರಿದು ಸಾಹುಕಾರರ ಬರಿಗಾಲಿನತ್ತ ಬಂತು. ನಾವು ಅಷ್ಟು ತಿಂಗಳು ಬಳಿದ ಎಣ್ಣೆ, ಹಾಕಿದ ಮುದ್ದೆ, ಯಾವುದೂ ಅದರೊಳಗಿನ ಆ ಭಯದವರೆಗೆ ಮುಟ್ಟಿರಲಿಲ್ಲ.

"ನೋಡ್ರಿ, ನೋಡ್ರಿ" ಎಂದರು ಸಾಹುಕಾರರು. "ಅಡ್ಡಬಿತ್ತು. ನಾನು ಶರಣು ಮಾಡಿದ್ರೆ ಅದೂ ತಿರುಗಿ ಶರಣು ಮಾಡ್ತು."

ನಾಲ್ಕೂ ಜನ ಕೈ ಮುಗಿದರು. ಮುಗಿಯಲಿಕ್ಕೆ ಅವರೂ ಕೈ ಎತ್ತಬೇಕಾಯಿತು, ನಾಯಿ ಇನ್ನಷ್ಟು ಕುಗ್ಗಿತು. ಸಾಹುಕಾರರು ಕಣ್ಣು ಒರೆಸಿಕೊಳ್ಳುತ್ತ, ದೇವರು ತಮ್ಮನ್ನು ಗುರುತಿಸಿದ ಸಂತೋಷದಲ್ಲಿ ಮನೆಗೆ ಹೋದರು. ನನಗೆ ಅವರ ಮುಖಕ್ಕೆ ಉಗಿಯಬೇಕೆನ್ನಿಸಿತು. ನಾಯಿ ಉಳಿಯಿತಲ್ಲ ಎಂದು ತಡೆದುಕೊಂಡೆ. ಅವ್ವ ಮೊರ ಬದಿಗಿಟ್ಟು, ಜಗಲಿಯಿಂದ ಇಳಿದು, ಆ ಒದ್ದೆಯಲ್ಲೇ ಕುಳಿತು ಅದರ ಬೆನ್ನು ಸವರತೊಡಗಿದಳು.

"ಏಳೋ, ಸುಡುಗಾಡೇ. ಹೊಡಿಯಾಕಲ್ಲ ಕಣೋ ಅವ್ನು ಕೈ ಎತ್ತಿದ್ದು. ಕೈ ಮುಗಿಯಾಕೆ."

ನಾಯಿ ಕತ್ತಲಾಗುವವರೆಗೂ ಏಳಲಿಲ್ಲ.